ಬಲೆಕೊಟ್ಟಿಗೆಯವರೆಗೆ

ಸೆಪ್ಟೆಂಬರ್ 8, ಸೋಮವಾರ

ಇವರ ಬಾಯಿಂದ ದಿನಕ್ಕೆ ಯಾವ ಯಾವ ಶಬ್ದ ಬಂತು ಎಂದು ಬರೆದಿಡಬೇಕಂತೆ. ಮಣಿಪಾಲದಲ್ಲಿ ಮಾತಿನ ಚಿಕಿತ್ಸೆ ಮಾಡುವ ದೀಕ್ಷಿತಾ ಟೀಚರ್ ಹೇಳಿದ್ದು. ಅದಕ್ಕೆಂದು ಕೆಂಪು ರಟ್ಟಿನ ಪುಸ್ತಕ ತಂದೆ. ಅದರಲ್ಲಿ ಬರೆಯಲು ಇಷ್ಟರವರೆಗೆ ಏನೂ ಸಿಕ್ಕಿಲ್ಲ. ಜೊತೆಯಲ್ಲಿ ತಂದ ಈ ನೀಲಿಯದ್ದು ನನಗೆ ಇರಲಿ. ಮನೆಯಲ್ಲಿ ನಾವು ಆಡುವುದು ತುಳು, ಆದರೆ ಬರೆಯಲು ಬರುವುದು ಹತ್ತನೆಯ ತರಗತಿಯವರೆಗೆ ಕಲಿತ ಕನ್ನಡ ಮಾತ್ರ.

ಇವರಿಗೆ ಲಕ್ವ ಹೊಡೆದದ್ದು ಆಗಸ್ಟ್ ಹದಿನಾಲ್ಕಕ್ಕೆ. ಮಳೆಗಾಲದ ರಜೆ ಮುಗಿದು ಬೋಟುಗಳು ಮಲ್ಪೆಯಿಂದ ಹೊರಟು ಮೂರನೆಯ ದಿನ. ಇವರು ಬೋಟಿನ ತಾಂಡೇಲ, ಅಂದರೆ ಬೋಟಿನ ಒಡೆಯ ದಡದಲ್ಲಿದ್ದರೆ ನೀರಿನ ಮೇಲೆ ಇವರದ್ದೇ ಮಾತು. ಬಲೆ ಎಳೆಯಿರಿ ಎಂದು ಕೂಗಲು ಬಾಯಿ ತೆರೆದವರಿಗೆ ಕೂಗು ಬರಲಿಲ್ಲವಂತೆ. ಬೋಟು ದಡ ಮುಟ್ಟುವಾಗ ಹದಿನಾಲ್ಕು ಗಂಟೆ ಕಳೆದಿತ್ತು. ಬಲಗೈಗೆ ಬಲ ಇಲ್ಲ, ಬಲಗಾಲು ಎಳೆಯುತ್ತದೆ. ಎಲ್ಲವೂ ಅರ್ಥವಾಗುತ್ತದೆ. ಬಾಯಿಗೆ ಬರುವುದು ಮಾತ್ರ ಒಂದೇ: "ಅವು... ಅವು..." ಅದು, ಅದು ಎಂದು. ನೀರು ಬೇಕಾದರೂ ಅವು, ಸಿಟ್ಟು ಬಂದರೂ ಅವು.

ನಮ್ಮೂರು ಹೂಡೆಯಿಂದ ಮಣಿಪಾಲಕ್ಕೆ ವಾರಕ್ಕೆ ಮೂರು ಸಲ ಬಸ್ಸಿನಲ್ಲಿ ಕರೆದುಕೊಂಡು ಹೋಗುವುದು ಆಗುವ ಕೆಲಸವಲ್ಲ. ಹಾಗಾಗಿ ಫೋನಿನಲ್ಲಿ ಮುಖ ನೋಡಿಕೊಂಡೇ ಕ್ಲಾಸು. ಸೋಮ, ಬುಧ, ಶುಕ್ರ, ಸಂಜೆ ನಾಲ್ಕಕ್ಕೆ. ಇವತ್ತು ಮೊದಲನೆಯದು. ಚಾವಡಿಯಲ್ಲಿ ಕೂರಿಸಿದೆ. ವೈಫೈ ಡಬ್ಬ ಇರುವುದು ಅಲ್ಲೇ. ಟೀಚರ್ ಒಂದು ಚಿತ್ರ ತೋರಿಸಿ "ಇದು ಎಂತ?" ಎಂದು ಕೇಳಿದರು. ಲೋಟ. ಇವರ ತುಟಿ ನಡುಗಿತು. ನೋಡಲಾಗದೆ "ಲೋಟ" ಎಂದು ನಾನೇ ಹೇಳಿದೆ.

"ಅಕ್ಕ, ನೀವು ಹೇಳಬೇಡಿ," ಎಂದರು ಟೀಚರ್. "ಅವರಿಗೆ ಸಮಯ ಕೊಡಿ."

ಹೇಳುವುದು ಸುಲಭ. ಆಸ್ಪತ್ರೆಯಲ್ಲಿ ಹೆಸರು ಕೇಳಿದಾಗಲೂ ನಾನೇ ಹೇಳಿದ್ದು, ನಂಟರು ಬಂದಾಗ ಹೇಗಿದ್ದೀರಿ ಎಂದದ್ದಕ್ಕೂ ನಾನೇ. ಹೆಂಡತಿ ಆದವಳು ಮತ್ತೆ ಎಂತ ಮಾಡುವುದು?

ಸೆಪ್ಟೆಂಬರ್ 10, ಬುಧವಾರ

ಇವತ್ತು ಆಗಬಾರದ್ದು ಆಯಿತು.

ಕ್ಲಾಸಿನ ನಡುವೆ ಪಕ್ಕದ ಮನೆಯ ಸರಸಕ್ಕ ಮೀನು ಕೊಡಲು ಬಂದರು. ಟೀಚರ್ ತೋರಿಸುತ್ತಿದ್ದುದು ಬಂಗುಡೆಯ ಚಿತ್ರ. ನಲವತ್ತು ವರ್ಷ ಸಮುದ್ರದಲ್ಲಿ ಇದ್ದವರು, ನೀರಿನ ಬಣ್ಣ ನೋಡಿ ಕೆಳಗೆ ಯಾವ ಮೀನು ಉಂಟು ಎಂದು ಹೇಳುತ್ತಿದ್ದವರು, "ಅವು... ಅವು..." ಎನ್ನುತ್ತಾ ಬೆವರುತ್ತಿದ್ದರು. ಸರಸಕ್ಕ ಬಾಗಿಲಲ್ಲೇ ನಿಂತು, ಪಾಪ, ಒಳ್ಳೆಯ ಮನಸ್ಸಿನಿಂದಲೇ, ಮಗುವಿಗೆ ಹೇಳುವ ಹಾಗೆ ಹೇಳಿದರು: "ಬಂಗುಡೆ ಕಿಟ್ಟಣ್ಣ, ಬಂ-ಗು-ಡೆ!"

ಇವರು ಫೋನನ್ನು ಮಗುಚಿ ಹಾಕಿ ಎದ್ದು ಹೋದರು.

ಸೆಪ್ಟೆಂಬರ್ 12, ಶುಕ್ರವಾರ

ಚಾವಡಿಯಲ್ಲಿ ಕೂರುವುದಿಲ್ಲ. ಕರೆದರೆ ಗೋಡೆ ನೋಡುತ್ತಾರೆ. ಬೆಳಗ್ಗೆ ಎದ್ದವರು ಕಾಲೆಳೆದುಕೊಂಡು ಹಿಂದಿನ ಬಲೆಕೊಟ್ಟಿಗೆಗೆ ಹೋಗಿ ಅಲ್ಲೇ ಇರುತ್ತಾರೆ. ಮನೆಯಿಂದ ಐವತ್ತು ಹೆಜ್ಜೆ, ಹೊಳೆಯ ಕಡೆಗೆ. ಹಳೆಯ ಬಲೆ, ಹಗ್ಗ, ತೇಲುಗುಂಡುಗಳ ನಡುವೆ ಒಂದು ಬಲ್ಬು, ಒಂದು ಪ್ಲಗ್ಗು, ಒಂದು ಮರದ ಸ್ಟೂಲು. ಅಲ್ಲಿಗೆ ಯಾರೂ ಬರುವುದಿಲ್ಲ.

ನಾಲ್ಕು ಗಂಟೆಗೆ ಫೋನು ಹಿಡಿದುಕೊಂಡು ಅಲ್ಲಿಗೇ ಹೋದೆ. ಬೈಯಲು ಬಾರದಿದ್ದರೂ ಫೋನು ಎಸೆಯಬಹುದು ಎಂಬ ಹೆದರಿಕೆ ಇತ್ತು. ಇವರು ಎಸೆಯಲಿಲ್ಲ. ಬಲೆ ಸರಿಸಿ ನನಗೂ ಕೂರಲು ಜಾಗ ಮಾಡಿದರು! ಆದರೆ ಅಲ್ಲಿ ಸಿಗ್ನಲ್ ಇಲ್ಲ. ಟೀಚರ ಮುಖ ಅರ್ಧ ತೆರೆದ ಬಾಯಿಯಲ್ಲೇ ನಿಂತುಬಿಟ್ಟಿತು. ಮೊಬೈಲಿನ ನೆಟ್ಟು ಹಾಕಿದರೆ ಒಂದೇ ಗೆರೆ, ಅದೂ ಗಾಳಿ ಬಂದ ಹಾಗೆ ಬಂದು ಹೋಗುತ್ತದೆ. ಮನೆಗೆ ಬಂದು ಕರೆ ಮಾಡಿದೆ.

"ಅಲ್ಲಿ ಕೂರುತ್ತಾರೆ ಅಂತಾದರೆ ಅಲ್ಲೇ ಮಾಡುವ ಅಕ್ಕ," ಎಂದರು ಟೀಚರ್. "ಆದರೆ ತಡ ಮಾಡಬೇಡಿ. ಮೊದಲ ಮೂರು ತಿಂಗಳು ತುಂಬಾ ಮುಖ್ಯ."

ಒಂದು ತಿಂಗಳು ಆಗಲೇ ಹೋಯಿತು.

ಇನ್ನೊಂದು ಮಾತು ಇಲ್ಲಿ ಮಾತ್ರ ಬರೆಯಬಹುದು. ಮೂವತ್ತು ವರ್ಷ ಈ ಮನೆಯಲ್ಲಿ ಕೇಳುತ್ತಿದ್ದದ್ದು ಒಬ್ಬರದ್ದೇ ಸ್ವರ. ಸಾರಿಗೆ ಉಪ್ಪು ಹೆಚ್ಚಾದರೂ, ಗೇಟು ಹಾಕದಿದ್ದರೂ, ಬೋಟಿನಲ್ಲಿ ಕೂಗಿದ ಹಾಗೆಯೇ ಕೂಗುವುದು. ಈಗ ಸದ್ದಿಲ್ಲ. ಮೊದಲ ವಾರ ನನಗೆ ಒಳ್ಳೆಯ ನಿದ್ರೆ ಬಂತು. ಅದನ್ನು ನೆನೆಸಿದರೆ ಊಟ ಇಳಿಯುವುದಿಲ್ಲ.

ಸೆಪ್ಟೆಂಬರ್ 16, ಮಂಗಳವಾರ

ಕೇಬಲಿನ ಜೋವಿನ್ ಬಂದಿದ್ದರು. ತಲೆ ನರೆತರೂ ಬೈಕಿಗೆ ಏಣಿ ಕಟ್ಟಿಕೊಂಡು ಕೆಮ್ಮಣ್ಣು ಊರಿನಿಂದ ಇಲ್ಲಿಯವರೆಗೆ ತಿರುಗುವವರು. ಚಾವಡಿಯ ಡಬ್ಬವನ್ನೇ ಕೊಟ್ಟಿಗೆಗೆ ಒಯ್ಯಿರಿ ಎಂದೆ.

"ಅದು ಗಾಜಿನ ವಯರು ನಳಿನಕ್ಕ, ಬಗ್ಗಿಸಲಿಕ್ಕಿಲ್ಲ. ಇನ್ನೊಂದು ರೂಟರ್ ಬೇಕು. ಹಳತು ಇದ್ದರೂ ಸಾಕು. ಇದರಿಂದ ಅದಕ್ಕೆ ಕೇಬಲ್ ಎಳೆದರೆ ಕೊಟ್ಟಿಗೆಯಲ್ಲಿ ಫಸ್ಟ್‌ಕ್ಲಾಸ್ ಬರ್ತದೆ."

"ಹಾಗಾದರೆ ಮಾಡಿ ಕೊಡಿ."

"ಇವತ್ತಾ? ಇವತ್ತು ತೋನ್ಸೆಯಲ್ಲಿ ಮೂರು ಕಂಬ ಬಿದ್ದಿದೆ ಮಾರಾಯ್ರೆ. ಈ ವಾರ ಬರ್ತೇನೆ."

ನಲವತ್ತು ಮೀಟರ್ ಕಪ್ಪು ಕೇಬಲ್ಲನ್ನು ಎರಡೂ ತುದಿಗೆ ಪಿನ್ನು ಹಾಕಿ ಜಗಲಿಯಲ್ಲಿ ಸುರುಳಿ ಇಟ್ಟು ಹೋದರು. ಅದನ್ನು ಮುಟ್ಟಬೇಡಿ ಎಂದು ಹೇಳಿಯೂ ಹೋದರು. ನಾನು ಯಾಕೆ ಮುಟ್ಟಲಿ? ನನಗೆ ಮಿಕ್ಸಿಯ ಫ್ಯೂಸು ಹಾಕಲೂ ಬಾರದು.

ಸೆಪ್ಟೆಂಬರ್ 23, ಮಂಗಳವಾರ

ಜೋವಿನ್ ಬರಲಿಲ್ಲ. ಬೋಟಿನ ಹುಡುಗರು ನೋಡಲು ಬಂದವರು, ನಾವು ಮಾಡಿ ಕೊಡ್ತೇವೆ ಅತ್ತಿಗೆ ಎಂದು ಹೇಳಿ ಸಮುದ್ರಕ್ಕೆ ಹೋದರು. ಕ್ಲಾಸು ಇಲ್ಲದೆ ಎರಡು ವಾರ. ಕೇಬಲಿನ ಸುರುಳಿಯ ಮೇಲೆ ಬೆಕ್ಕು ಮಲಗಿದೆ.

ಸೆಪ್ಟೆಂಬರ್ 27, ಶನಿವಾರ

ಮಗಳು ಹರ್ಷಿಣಿ ನಿಟ್ಟೆಯಿಂದ ಬಂದು ಹೋದಳು. ಅಲ್ಲಿ ಹುಡುಗಿಯರ ಹಾಸ್ಟೆಲಿನ ವಾರ್ಡನ್ ಅವಳು, ರಜೆ ಸಿಗುವುದೇ ಕಷ್ಟ. ಅವಳ ಕೋಣೆಯಲ್ಲಿ ಧೂಳು ಹಿಡಿದಿದ್ದ ಹಳೆಯ ರೂಟರ್ ತಂದಳು. ಮಧ್ಯಾಹ್ನ ಅಪ್ಪನ ಉಗುರು ಕತ್ತರಿಸಿ, ತಲೆಗೆ ಎಣ್ಣೆ ಹಾಕಿ ಕೂತಳು. ಅಷ್ಟರಲ್ಲಿ ಹಾಸ್ಟೆಲಿನಿಂದ ಫೋನು, ಯಾರೋ ಹುಡುಗಿಗೆ ಜ್ವರ. ಕಾರ್ಕಳದ ಬಸ್ಸು ತಪ್ಪುತ್ತದೆ ಎಂದು ಓಡಿದಳು. ರೂಟರ್ ಮೇಜಿನ ಮೇಲೆಯೇ ಉಳಿಯಿತು.

ಅವಳು ಹೋದ ಮೇಲೆ ಸುಮ್ಮನೆ ಅದನ್ನು ನೋಡುತ್ತಾ ಕೂತೆ. ಹಿಂದೆ ಐದು ತೂತು. ನಾಲ್ಕು ಹಳದಿ, ಒಂದು ನೀಲಿ. ಕೇಬಲಿನ ಪಿನ್ನು ಯಾವುದಕ್ಕೂ ಕೂರುತ್ತದೆ. ಕೂರುವುದನ್ನು ಕೂರಿಸಿದರೆ ತಪ್ಪೇನು ಎಂದು ಕಂಡಿತು. ಕೇಬಲಿನ ಒಂದು ತುದಿ ಚಾವಡಿಯ ಡಬ್ಬಕ್ಕೆ, ಇನ್ನೊಂದು ಹರ್ಷಿಣಿ ತಂದ ಹಳೆಯದಕ್ಕೆ, ಎರಡೂ ಹಳದಿಗೆ ಚುಚ್ಚಿ ಸ್ವಿಚ್ಚು ಹಾಕಿದೆ.

ಎರಡೂ ಸತ್ತವು. ದೀಪ ಉಂಟು, ನೆಟ್ಟು ಇಲ್ಲ. ಮೊದಲು ಚಾವಡಿಯಲ್ಲಾದರೂ ಇತ್ತು, ಈಗ ಅದೂ ಹೋಯಿತು. ಜೋವಿನ್‌ಗೆ ಫೋನು ಮಾಡಿದೆ.

"ಮುಟ್ಟಬೇಡಿ ಎಂದು ಹೇಳಿದ್ದೆ ಅಲ್ವಾ!" ಎಂದು ಮೊದಲು ಬೈದರು. ಆಮೇಲೆ ನಗು ಬಂತು ಅವರಿಗೆ. "ಕಳಚಿದರೆ ಸರಿಯಾಗ್ತದೆ, ಹೆದರಬೇಡಿ. ಎರಡಕ್ಕೂ ಕಂಪನಿಯವರು ಒಂದೇ ನಂಬರು ಕೊಟ್ಟಿರ್ತಾರೆ. ಒಂದೇ ಊರಲ್ಲಿ ಎರಡು ಮನೆಗೆ ಒಂದೇ ಡೋರ್ ನಂಬರ್ ಇದ್ದರೆ ಪೋಸ್ಟ್‌ಮ್ಯಾನ್ ಎಂತ ಮಾಡುವುದು? ಹಳತಿನ ನಂಬರು ಬದಲಿಸಬೇಕು."

"ಅದು ಹೇಗೆ?"

"ಅದು ನಿಮಗೆ ಆಗ್ಲಿಕ್ಕಿಲ್ಲ. ನಾನು ಬರ್ತೇನೆ."

ಕಳಚಿದೆ. ಚಾವಡಿಯಲ್ಲಿ ನೆಟ್ಟು ಬಂತು. ಆದರೆ ನಿಮಗೆ ಆಗಲಿಕ್ಕಿಲ್ಲ ಎಂದದ್ದು ಕಿವಿಯಲ್ಲೇ ಉಳಿಯಿತು.

ಸೆಪ್ಟೆಂಬರ್ 28, ಭಾನುವಾರ

ಬೆಳಗ್ಗೆ ಹರ್ಷಿಣಿಗೆ ಫೋನು ಮಾಡಿ, ನೀನು ಹೇಳು, ನಾನು ಮಾಡುತ್ತೇನೆ ಎಂದೆ. ನನ್ನ ಫೋನಿನಲ್ಲಿ ರೂಟರಿನ ಕೆಲಸ, ಇವರ ಫೋನಿನಲ್ಲಿ ಅವಳ ಸ್ವರ. ಮತ್ತೆ ಬೇಕಾದೀತು ಎಂದು ಬರೆದಿಡುತ್ತಿದ್ದೇನೆ.

ಹಳೆಯ ರೂಟರಿನ ಪಾಸ್‌ವರ್ಡ್ ಯಾರಿಗೂ ನೆನಪಿಲ್ಲ. ಹಿಂದೆ ಸಣ್ಣ ತೂತು ಉಂಟು, ಅದರೊಳಗೆ ಪಿನ್ನು ಹಾಕಿ ಹತ್ತು ಎಣಿಸುವವರೆಗೆ ಒತ್ತಿ ಹಿಡಿದರೆ ಅದು ಹಿಂದಿನದ್ದೆಲ್ಲ ಮರೆಯುತ್ತದೆ. ಸೀರೆಯ ಪಿನ್ನಿನಲ್ಲಿ ಒತ್ತಿದೆ. ದೀಪಗಳೆಲ್ಲ ಒಮ್ಮೆ ಆರಿ ಹೊತ್ತಿದವು. ಆಮೇಲೆ ಅದರ ವೈಫೈಗೆ ನನ್ನ ಫೋನು ಸೇರಿಸಿ 192.168.1.1 ಎಂದು ಬರೆದರೆ ಒಂದು ಪುಟ ತೆರೆಯುತ್ತದೆ. ಅಲ್ಲಿ ಕೊನೆಯ ಒಂದನ್ನು ಎರಡು ಮಾಡಬೇಕು. ಅಷ್ಟೇ, ಡೋರ್ ನಂಬರ್ ಬೇರೆ ಆಯಿತು. ಸೇವ್ ಒತ್ತಿದ ಕೂಡಲೇ ಪುಟವೇ ಮಾಯ!

"ಹೋಯಿತು ಹರ್ಷಿ! ಎಲ್ಲ ಹೋಯಿತು!"

"ಹೋಗಲಿಲ್ಲ ಅಮ್ಮ, ಮನೆ ನಂಬರ್ ಬದಲಾಯಿತಲ್ಲ? ಹಳೇ ನಂಬರಿನಲ್ಲಿ ಯಾರು ಬಾಗಿಲು ತೆಗೀತಾರೆ? ಈಗ ಕೊನೆಗೆ ಎರಡು ಹಾಕಿ."

ಹಾಕಿದೆ. ತೆರೆಯಿತು. ನಂತರ ಡಿಎಚ್‌ಸಿಪಿ ಎಂದು ಒಂದು ಉಂಟು, ಬಂದ ಬಂದ ಫೋನಿಗೆ ನಂಬರು ಹಂಚುವ ಕೆಲಸ. ಅದನ್ನು ಒಬ್ಬರೇ ಮಾಡಬೇಕು, ಇಬ್ಬರು ಹಂಚಿದರೆ ಗೊಂದಲ. ಚಾವಡಿಯದ್ದು ಹಂಚಲಿ, ಕೊಟ್ಟಿಗೆಯದ್ದು ಸುಮ್ಮನಿರಲಿ ಎಂದು ಬಂದ್ ಮಾಡಿದೆ. ವೈಫೈಯ ಹೆಸರು, ಪಾಸ್‌ವರ್ಡ್ ಎರಡಕ್ಕೂ ಒಂದೇ. ಕೇಬಲ್ ಹಳದಿ ತೂತಿಗೆ, ನೀಲಿಗೆ ಅಲ್ಲ.

ಮೇಜಿನ ಮೇಲೆ ಎರಡನ್ನೂ ಜೋಡಿಸಿ ನೋಡಿದೆ. ಎರಡೂ ಬದುಕಿದವು. ಅನ್ನ ಮಾತ್ರ ತಳ ಹಿಡಿಯಿತು.

ಸೆಪ್ಟೆಂಬರ್ 29, ಸೋಮವಾರ

ಬೆಳಗ್ಗೆ ಏಣಿ ಇಟ್ಟು ಕೇಬಲ್ಲನ್ನು ಮನೆಯ ಹೆಂಚಿನ ಮಾಡಿನಿಂದ ತೆಂಗಿನ ಮರಕ್ಕೆ, ಮರದಿಂದ ಕೊಟ್ಟಿಗೆಗೆ ಎಳೆದೆ. ಇವರು ಕೊಟ್ಟಿಗೆಯ ಬಾಗಿಲಲ್ಲಿ ಕೂತು ನೋಡುತ್ತಿದ್ದರು. ನಾನು ಮರಕ್ಕೆ ಕೇಬಲ್ಲನ್ನೇ ಬಿಗಿಯಾಗಿ ಸುತ್ತಿ ಗಂಟು ಹಾಕುತ್ತಿದ್ದೆ.

"ಅತ್ತ್!"

ಯಾರೋ ಬಂದರು ಎಂದು ಗೇಟಿನ ಕಡೆ ನೋಡಿದೆ. ಯಾರೂ ಇಲ್ಲ. ತಿರುಗಿ ನೋಡಿದರೆ ಇವರು ಎದ್ದು ನಿಂತಿದ್ದಾರೆ, ಮುಖ ಕೆಂಪಾಗಿದೆ, ಎಡಗೈ ಮೇಲಕ್ಕೆ. "ಅತ್ತ್! ಅತ್ತ್!" ಹಾಗಲ್ಲ, ಹಾಗಲ್ಲ!

ಏಣಿಯ ಮೇಲೆ ನಿಂತೇ ಇದ್ದೆ. ನಲವತ್ತಾರು ದಿನಗಳ ನಂತರ ಬಂದ ಬೇರೆ ಶಬ್ದ, ಅದೂ ಬೈಗುಳ. ಮೊದಲಾದರೆ ತಲೆ ತಗ್ಗಿಸಿ ಇಳಿಯುತ್ತಿದ್ದೆ. ಇವತ್ತು, "ಹಾಗಲ್ಲದಿದ್ದರೆ ಮತ್ತೆ ಹೇಗೆ? ಬಂದು ತೋರಿಸಿ," ಎಂದೆ.

ಬಂದರು. ಬಲೆಗೆ ಕಟ್ಟುವ ನೈಲಾನ್ ಹಗ್ಗ ತೆಗೆದುಕೊಂಡು ಬಂದರು. ಮೊದಲು ಹಗ್ಗವನ್ನು ಮನೆಯಿಂದ ಮರಕ್ಕೆ, ಮರದಿಂದ ಕೊಟ್ಟಿಗೆಗೆ ಬಿಗಿದು, ಆ ಹಗ್ಗಕ್ಕೆ ಕೇಬಲ್ಲನ್ನು ಗೇಣಿಗೊಂದು ಸಡಿಲ ಗಂಟಿನಲ್ಲಿ ತೂಗುಹಾಕುವುದು. ಭಾರ ಹಗ್ಗಕ್ಕೆ, ಕೇಬಲಿಗೆ ಅಲ್ಲ. ಎಡಗೈಯಿಂದ ಗಂಟು ಹಾಕಿದರು, ಬಲಗೈ ಹಗ್ಗದ ಮೇಲೆ ಸುಮ್ಮನೆ ಇಟ್ಟಿದ್ದರು. ಒಂದು ಗಂಟಿಗೆ ಬಹಳ ಹೊತ್ತು ಬೇಕಾಯಿತು. ನಾನು ಏಣಿ ಹಿಡಿದು ನಿಂತೆ. ಅಷ್ಟೂ ಗಂಟು ಇವರೇ ಹಾಕಿದರು.

ಸಂಜೆ ಸ್ವಿಚ್ಚು ಹಾಕಿದರೆ ಕೊಟ್ಟಿಗೆಯಲ್ಲಿ ಏನೂ ಬರಲಿಲ್ಲ. ನೋಡಿದರೆ ಅವಸರದಲ್ಲಿ ನೀಲಿ ತೂತಿಗೇ ಚುಚ್ಚಿದ್ದೇನೆ. ಹಳದಿಗೆ ಹಾಕಿದೆ. ನಾಲ್ಕು ಗೆರೆಯೂ ತುಂಬಿತು.

ಕೆಂಪು ಪುಸ್ತಕದಲ್ಲಿ ಬರೆದೆ: ಅತ್ತ್, ಮೂರು ಸಲ.

ಅಕ್ಟೋಬರ್ 1, ಬುಧವಾರ

ಆಯುಧಪೂಜೆ, ಟೀಚರಿಗೆ ರಜೆ. ಬಲೆ ಹೆಣೆಯುವ ಸೂಜಿಗಳನ್ನು ತೊಳೆದು ಸಾಲಾಗಿ ಇಟ್ಟು ಇವರು ಕುಂಕುಮ ಹಚ್ಚಿದರು. ಗೋಡೆಯ ಮೇಲಿನ ರೂಟರಿಗೂ ಒಂದು ಬೊಟ್ಟು, ಒಂದು ದಾಸವಾಳ.

ಅಕ್ಟೋಬರ್ 3, ಶುಕ್ರವಾರ

ಕೊಟ್ಟಿಗೆಯಲ್ಲಿ ಮೊದಲ ಕ್ಲಾಸು. ನಲವತ್ತೈದು ನಿಮಿಷ, ಒಮ್ಮೆಯೂ ನಿಲ್ಲಲಿಲ್ಲ. ಟೀಚರ್ ಚಿತ್ರಗಳನ್ನು ಬದಿಗಿಟ್ಟು, "ಅಣ್ಣ, ನಿಮ್ಮ ಕೊಟ್ಟಿಗೆಯಲ್ಲಿ ಎಂತೆಂತ ಉಂಟು, ನನಗೆ ತೋರಿಸಿ," ಎಂದರು. ಹಗ್ಗ ತೋರಿಸಿದರು. ಹೆಸರು ಬಾಯಿಯ ತುದಿಯವರೆಗೆ ಬಂದು ನಿಂತಿತು. ನಾನು ಸೆರಗು ಬಾಯಿಗೆ ಒತ್ತಿ ಹಿಡಿದುಕೊಂಡೆ. ಹೊರಗೆ ಒಂದು ದೋಣಿ ಬಂದು ಹೋಯಿತು, ಅಷ್ಟು ಹೊತ್ತು.

"ಬ... ಬಲ್ಲ್," ಎಂದರು. ಹಗ್ಗ.

ಟೀಚರಿಗೆ ತುಳು ಗೊತ್ತು. ಅವರು ಚಪ್ಪಾಳೆ ತಟ್ಟಲಿಲ್ಲ, ಮಗುವಿನ ಹಾಗೆ ಮಾತಾಡಿಸಲೂ ಇಲ್ಲ. "ಹ್ಞಾಂ. ಇನ್ನು ಮುಂದಿನದ್ದು," ಎಂದರು. ಅದು ಇವರಿಗೆ ಹಿಡಿಸಿತು ಎಂದು ಕುತ್ತಿಗೆ ನೆಟ್ಟಗೆ ಮಾಡಿದ್ದರಲ್ಲೇ ತಿಳಿಯಿತು.

ಅಕ್ಟೋಬರ್ 14, ಮಂಗಳವಾರ

ಮಧ್ಯಾಹ್ನ ಸಿಡಿಲು. ತೆಂಗಿನ ಮರಕ್ಕೆ ಬಡಿದಿಲ್ಲ, ಎಲ್ಲೋ ಹತ್ತಿರದಲ್ಲಿ. ಪ್ಲಗ್ ಎಳೆಯಲು ಮರೆತಿದ್ದೆ. ಚಾವಡಿಯದ್ದಕ್ಕೆ ಏನೂ ಆಗಿಲ್ಲ, ಕೊಟ್ಟಿಗೆಯದ್ದರಿಂದ ಸುಟ್ಟ ವಾಸನೆ. ಇವರು ಅದನ್ನು ಕೈಯಲ್ಲಿ ಹಿಡಿದು ಕೂತಿದ್ದರು. ನಾಳೆ ಬುಧವಾರ.

ಅಕ್ಟೋಬರ್ 15, ಬುಧವಾರ

ಬೆಳಗ್ಗಿನ ಬಸ್ಸಿಗೆ ಉಡುಪಿಗೆ ಹೋಗಿ ರೂಟರ್ ತಂದೆ. ಅಂಗಡಿಯವ ಏನೋ ಕೊಂಬು ಕೊಂಬಿನದ್ದು ತೋರಿಸಿದ, ಬೇಡ ಎಂದೆ. ನಂಬರು ಬದಲಿಸಿ, ಡಿಎಚ್‌ಸಿಪಿ ಬಂದ್ ಮಾಡಿ, ಸಿಕ್ಕಿಸಿದೆ. ಕೇಬಲ್ ಒಳ್ಳೆಯದೇ ಇದೆ. ಮೂರೂವರೆಗೆ ಮುಗಿಯಿತು. ಬರುವಾಗ ಸಂತೆಕಟ್ಟೆಯಲ್ಲಿ ಬಸಳೆ ಒಳ್ಳೆಯದು ಸಿಕ್ಕಿತು, ಸಿಗಡಿ ಹಾಕಿ ಸಾರು ಮಾಡಿದೆ. ಕ್ಲಾಸಿನಲ್ಲಿ ಇವತ್ತು ಆರು ಶಬ್ದ.

ಸಾರು ಉಂಡು ಇವರು ಹೇಳಿದರು, "ಉ... ಉಪ್ಪು."

ಹೆಚ್ಚೋ ಕಡಿಮೆಯೋ ಎಂದು ಕೇಳಿದೆ. ತುಂಬಾ ಹೊತ್ತು ಹುಡುಕಿದರು. ಸಿಗಲಿಲ್ಲ. ಇಬ್ಬರಿಗೂ ನಗು ಬಂತು. ಕೊನೆಗೆ ಎರಡನೆಯ ಸಲ ಬಡಿಸಿಕೊಂಡರು, ಹಾಗಾದರೆ ಸರಿಯೇ ಇದ್ದಿರಬೇಕು.

ಅಕ್ಟೋಬರ್ 26, ಭಾನುವಾರ

ಸರಸಕ್ಕ ಬಂದಿದ್ದರು. ಆ ದಿನದ ನಂತರ ಗೇಟಿನಿಂದ ಒಳಗೆ ಕಾಲಿಟ್ಟಿರಲಿಲ್ಲ. ಜಗಲಿಯ ಕೆಳಗೇ ನಿಂತು, ಅವರ ಮಾಳಿಗೆಯಲ್ಲಿ ನೆಟ್ಟು ಸಿಗುವುದಿಲ್ಲ, ಜೋವಿನ್ ನಿಮ್ಮನ್ನೇ ಕೇಳಿ ಎಂದರು ಎಂದು ಹೇಳಿದರು. ಜೋವಿನ್‌ಗೆ ತಮಾಷೆ. ಹೋಗಿ ನೋಡಿದೆ. ಡಬ್ಬವನ್ನು ಚಂದ ಕಾಣುವುದಿಲ್ಲವೆಂದು ಕಬ್ಬಿಣದ ಕಪಾಟಿನ ಒಳಗೆ ಇಟ್ಟು ಬೀಗ ಹಾಕಿದ್ದರು! ಹೊರಗೆ ತೆಗೆದು ಮೆಟ್ಟಿಲ ಮೇಲಿನ ಗೋಡೆಗೆ ಇಟ್ಟೆ. ಅಷ್ಟೇ.

ಹೊರಡುವಾಗ ಸರಸಕ್ಕ ಕೈ ಹಿಡಿದುಕೊಂಡರು. "ಆ ದಿನ ನಾನು ಬಾಯಿ ಹಾಕಬಾರದಿತ್ತು ನಳಿನಿ."

"ನಾನೂ ಹಾಕುತ್ತಿದ್ದೆ ಅಕ್ಕ," ಎಂದೆ. "ನಾಳೆ ಬನ್ನಿ. ಬಂದರೆ ಮಾತು ಬರುವವರೆಗೆ ಕಾಯಬೇಕು, ಅಷ್ಟೇ."

ನವೆಂಬರ್ 7, ಶುಕ್ರವಾರ

ಮೂರು ತಿಂಗಳು ತುಂಬಲು ಇನ್ನು ಒಂದು ವಾರ. ಟೀಚರ್ ಮೊನ್ನೆ ಪರೀಕ್ಷೆಯ ಹಾಗೆ ಏನೋ ಮಾಡಿಸಿ, ಚೆನ್ನಾಗಿ ಬರುತ್ತಿದೆ, ಇನ್ನೂ ಬರುತ್ತದೆ ಎಂದರು. ನಾನು ಎರಡು ಸಲ ಕೇಳಿದೆ. ಎರಡು ಸಲವೂ ಅದನ್ನೇ ಹೇಳಿದರು.

ಇವತ್ತು ಚಹಾ ಹಿಡಿದುಕೊಂಡು ಕೊಟ್ಟಿಗೆಗೆ ಹೋಗುವಾಗ ಕ್ಲಾಸು ಶುರುವಾಗಿತ್ತು. ಕರೆಯನ್ನು ಇವರೇ ಎಡಗೈಯಲ್ಲಿ ಒತ್ತಿ ತೆಗೆದುಕೊಂಡಿದ್ದಾರೆ. ಟೀಚರ್ ಎಂತದ್ದೋ ಕೇಳಿದ್ದಕ್ಕೆ ಇವರು ಮೀನುಗಳ ಹೆಸರು ಒಂದೊಂದಾಗಿ ಹೇಳುತ್ತಿದ್ದರು. ನಡುವೆ ಒಂದು ಹೆಸರು ಸಿಗದೆ ನಿಂತರು. ನಾನು ಚಹಾ ಕೆಳಗಿಟ್ಟು ಕೂರಲು ಜಾಗ ನೋಡಿದೆ.

ಇವರು ನನ್ನ ಕಡೆ ತಿರುಗಿದರು. ಸಿಟ್ಟು ಇರಲಿಲ್ಲ ಮುಖದಲ್ಲಿ. ತುಟಿ ಒಮ್ಮೆ ಅಲುಗಿ ನಿಂತು, ಮತ್ತೆ ಅಲುಗಿತು.

"ಈ... ಈ ಪೋಲ," ಎಂದರು. ನೀನು ಹೋಗು.

ಟೀಚರ್ ನಗು ತಡೆಯಲು ನೋಡಿದರು. "ಹೋಗಿ ಅಕ್ಕ, ನಾವು ಮಾಡಿಕೊಳ್ತೇವೆ."

ಹೊರಗೆ ಬಂದೆ. ಎಲ್ಲಿಗೆ ಹೋಗುವುದೆಂದು ತಿಳಿಯಲಿಲ್ಲ. ಅಡುಗೆ ಆಗಿದೆ, ಬಟ್ಟೆ ಒಣಗಿದೆ. ಹೊಳೆಯ ಬದಿಗೆ ಹೋಗಿ ಮಗುಚಿ ಹಾಕಿದ ದೋಣಿಯ ಮೇಲೆ ಕೂತೆ. ನೀರು ಇಳಿಯುತ್ತಿತ್ತು. ಆಚೆ ದಡದಲ್ಲಿ ಹೆಂಗಸರು ಕೆಸರಿನಲ್ಲಿ ಮರುವಾಯಿ ಚಿಪ್ಪು ಹೆಕ್ಕುತ್ತಿದ್ದರು. ಹೀಗೆ ಕೈ ಖಾಲಿ ಇಟ್ಟು ಕೂತು ಎಷ್ಟು ವರ್ಷ ಆಯಿತೋ. ಹರ್ಷಿಣಿಯ ಫೋನು ಬಂತು.

"ಅಮ್ಮ, ಕ್ಲಾಸಿನ ಹೊತ್ತಲ್ವಾ? ಅಪ್ಪ ಎಲ್ಲಿ?"

"ಕೊಟ್ಟಿಗೆಯಲ್ಲಿ. ಕ್ಲಾಸಿನಲ್ಲಿ."

"ಮತ್ತೆ ನೀವು?"

"ನಾನು ಹೊಳೆಯ ಹತ್ತಿರ ಕೂತಿದ್ದೇನೆ. ನನ್ನನ್ನು ಹೋಗು ಎಂದರು."

"ಕೈಯಲ್ಲಿ ತೋರಿಸಿದ್ದಾ?"

"ಇಲ್ಲ," ಎಂದೆ. "ಬಾಯಲ್ಲಿ ಹೇಳಿದ್ದು."

ಆ ಕಡೆಯಿಂದ ಸದ್ದು ಬರಲಿಲ್ಲ. ಲೈನ್ ಕಟ್ಟಾಯಿತೇನೋ ಎಂದು ಫೋನನ್ನು ಕಿವಿಯಿಂದ ತೆಗೆದು ನೋಡಿದೆ. ಕಟ್ಟಾಗಿರಲಿಲ್ಲ. ಮತ್ತೆ ಕಿವಿಗಿಟ್ಟುಕೊಂಡು, ಅವಳಾಗಿ ಮಾತಾಡುವವರೆಗೆ ಕೂತೆ.